ಕಸದ ಸಾಲುಗಳು

"ಏನೇ, ಆ ಕಸ ಇನ್ನೂ ತೆಗೆದಿಲ್ವಾ? ಗುಡಿಸೋಕೆ ನಿಮ್ಮಪ್ಪ ಬರ್ಬೇಕಾ?"

ಮ್ಯಾನೇಜರ್ ನರಸಿಂಹಮೂರ್ತಿ ನನ್ನ ಕುರ್ಚಿಗೆ ಒದ್ದ. ಮರಾಠಿ ಸೀಮೆಯ ಶೇಂದ್ರಾದಲ್ಲಿರುವ ಈ ಕಟ್ಟಡ ಕಂಪನಿಯ ಲೇಬರ್ ಆಫೀಸಿನಲ್ಲಿ ಕನ್ನಡ ಬರುವ ಸಾಹೇಬ ಅವನೊಬ್ಬನೇ. ಬೈಯಲಿಕ್ಕಷ್ಟೇ ಅದನ್ನು ಬಳಸುತ್ತಾನೆ, ಹಲ್ಕಟ್.

"ಕಸ ಅಲ್ರೀ ಸರ್, ನಮ್ ಮಂದಿ ಹೆಸರ್ರೀ."

ವಿಜಯಪುರದಿಂದ ಕೂಲಿಗಳನ್ನು ಕರೆತಂದ ಮುಕಾದಮ ಅವರ ಹೆಸರುಗಳನ್ನು ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆಸಿ ಕಳಿಸಿದ್ದ. ಇಲ್ಲಿನ ಡೇಟಾಬೇಸಿಗೆ ಬಂದದ್ದೇ ತಡ, ಎಲ್ಲ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾದವು. ಅಂಥ ಸಾಲು ಹುಡುಕಿ, ಓದಲು ಬರುವ ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ. ನಿನ್ನೆಯವರೆಗೂ ಮೂರ್ತಿ "ಬೇಗ ಸರಿ ಮಾಡು" ಎನ್ನುತ್ತಿದ್ದ. ಇವತ್ತು ಬೆಳಿಗ್ಗೆ ಕಂಪನಿಯ ಬಿಡಕಿನ್ ಸೈಟಿನಲ್ಲಿ ಸ್ಲ್ಯಾಬ್ ಕುಸಿಯಿತು. ಈಗ "ಅಳಿಸು" ಎನ್ನುತ್ತಿದ್ದಾನೆ.

ಹೊರಗೆ ನಮ್ಮ ಹೆಂಗಸರು ನೆರೆದಿದ್ದರು. ಗುಂಡವ್ವ ಕಿಟಕಿಯ ಸರಳು ಹಿಡಿದು ಅಲುಗಾಡಿಸುತ್ತಿದ್ದಳು.

"ನನ್ ಗಂಡ ಅಮಸಿದ್ದ ಎಲ್ಲಿ ಅದಾನ್ರೀ ಸಾಹೇಬ್ರ?"

"ಆ ಹೆಸರಿನೋನು ನಮ್ಮಲ್ಲಿ ಯಾರೂ ಇಲ್ಲಮ್ಮ. ಕಂಪ್ಯೂಟರಲ್ಲೇ ನೋಡಿದ್ವಿ. ಕುಡ್ದು ಎಲ್ಲೋ ಬಿದ್ದಿರ್ತಾನೆ, ಹುಡುಕು ಹೋಗು." ಮೂರ್ತಿ ಒಳಗಿನಿಂದಲೇ ಗದರಿದ.

"ನಿನ್ ಬಾಯಾಗ ಮಣ್ಣ ಹಾಕ! ಮುಂಜಾನೆ ನಾನ ಬುತ್ತಿ ಕಟ್ಟಿ ಕಳಿಸೀನಿ!"

ಅವನ ಹೆಸರಿನ ಸಾಲು ಅಳಿದರೆ ಅಮಸಿದ್ದ ಇಲ್ಲಿ ದುಡಿದೇ ಇಲ್ಲವೆಂದಾಗುತ್ತದೆ. ಇಲ್ಲದವನನ್ನು ಕಾಂಕ್ರೀಟಿನಡಿ ಯಾರು ಹುಡುಕುತ್ತಾರೆ? ನೆಲ ಸಮ ಮಾಡಲು ಜೆಸಿಬಿ ಆಗಲೇ ಹೊರಟಿತ್ತು.

ಮೂರ್ತಿ ಕಿಟಕಿ ಮುಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟ. ದನಿ ತಗ್ಗಿಸಿದ.

"ನಿಮ್ಮಪ್ಪ ನಮ್ಮ ನಾಶಿಕ್ ಸೈಟಲ್ಲಿದಾನೆ ಅಲ್ವಾ ವಿದ್ಯಾವತಿ? ಅಲ್ಲೂ ಸ್ಲ್ಯಾಬ್ ಇದೆ."

ಅಪ್ಪ ಈ ಹೊತ್ತಿಗೆ ಸ್ಲ್ಯಾಬ್ ಹೊತ್ತ ಸೆಂಟ್ರಿಂಗ್ ಕಂಬಗಳ ಕೆಳಗೇ ಇರುತ್ತಾನೆ. ಆದರೂ ಅಳಿಸಲಿಲ್ಲ. ಉಳಿದ ಸಾಲುಗಳನ್ನೆಲ್ಲ ಒಟ್ಟಿಗೇ ಕನ್ನಡಕ್ಕೆ ತಿರುಗಿಸಿದೆ. ಪರದೆಯ ತುಂಬ ನಮ್ಮವರು ಬಂದರು. ಎದ್ದು ಕಿಟಕಿ ತೆರೆದು, ಬಿಡಕಿನ್ ಸೈಟಿನ ಹಾಜರಿ ಕೂಗಿದೆ.

"ಅಮಸಿದ್ದ!"

ಹಾಜರಿ ಕೂಗುವ ಹೊತ್ತಿಗೆ ಗಂಡ ಕಟ್ಟಡದ ಮೇಲೆ ಹತ್ತಿಬಿಟ್ಟಿದ್ದರೆ, ಕೆಳಗಿನಿಂದ ಹೆಂಡತಿ ಓಗೊಡುವುದು ನಮ್ಮವರ ರೂಢಿ.

"ಅದಾನ್ರೀ!" ಗುಂಡವ್ವ ಚೀರಿದಳು. "ಹಾಜರ್ ಅದಾನ!"

ನನ್ನ ಹಿಂದೆ ಮೂರ್ತಿ ಬಾಗಿಲಿಗೆ ಚಿಲಕ ಹಾಕಿದ ಸದ್ದಾಯಿತು. ನಾನು ಮುಂದಿನ ಹೆಸರು ಕೂಗಿದೆ.