ಮೈದಾನಕ್ಕೆ ಬೆನ್ನು

ಕೂಗುಮಾರಿ ಕಪ್ಪು ಗಾಜನ್ನು ಕಣ್ಣಿಗಡ್ಡ ಹಿಡಿದು ಕಬ್ಬಿಣದ ಪೀಠದ ಕಾಲಿಗೆ ವೆಲ್ಡಿಂಗ್ ಹೊಡೆಯುತ್ತಿದ್ದ. ಹಳೆಯ ಕಾಲನ್ನು ತುಕ್ಕು ತಿಂದು ಹಾಕಿತ್ತು. ಹೊಸ ಆಂಗಲ್ ತುಂಡು ಕೂರಿಸಿ, ಸುತ್ತಿಗೆಯಿಂದ ಕಿಟ್ಟ ಕುಟ್ಟಿ ಉದುರಿಸಿ, ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದ. ಕೆಲಸವೇನೋ ಗಟ್ಟಿಯಾಗಿತ್ತು. ಮನಸ್ಸು ಮಾತ್ರ ಗಟ್ಟಿಯಿರಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಫುಟ್‌ಬಾಲ್ ಗ್ಯಾಲರಿಯಲ್ಲಿ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಊರಿನ ಟೀಮು ಆಡುವ ದಿನ ಈ ಪೀಠವನ್ನು ಗ್ಯಾಲರಿಯ ಮುಂದಿನ ಕಂಬಿಗೆ ಬೋಲ್ಟು ಹಾಕಿ ಬಿಗಿದು, ಅದರ ಮೇಲೆ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ನಿಲ್ಲುವವನು ಅವನು. ಅವನು ಕೈ ಎತ್ತಿದರೆ ಜನ ಎದ್ದು ಕೂಗಬೇಕು, ಕೈ ಇಳಿಸಿದರೆ ತೆಪ್ಪಗಾಗಬೇಕು. ಆಟ ಮುಗಿಯುವ ತನಕ ಕೂಗಿಸುವವನು ಹಿಂದಕ್ಕೆ ತಿರುಗಿ ನೋಡಬಾರದು. ಅವನು ತಿರುಗಿದ ಎಂದರೆ ಕೂಗು ಅಲ್ಲೇ ಸತ್ತಿತು. ಹಾಗಾಗಿ ಹುಚ್ಚನಂತೆ ಅಭಿಮಾನಿಯಾಗಿದ್ದ ಕೂಗುಮಾರಿ ಇಷ್ಟು ವರ್ಷಗಳಲ್ಲಿ ತನ್ನ ಟೀಮಿನ ಒಂದೇ ಒಂದು ಗೋಲನ್ನೂ ಕಣ್ಣಾರೆ ಕಂಡವನಲ್ಲ. ಆಟವನ್ನು ಅವನು ಓದುತ್ತಿದ್ದದ್ದು ಎದುರಿನ ಮುಖಗಳಲ್ಲಿ. ಎದುರಾಳಿ ನುಗ್ಗಿ ಬಂದರೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ ಟೇಲರ್ ಹೆಬ್ಬೆರಳು ಕಚ್ಚುತ್ತಿದ್ದ. ಗೋಲ್ ಬಿದ್ದೇಬಿಟ್ಟರೆ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಅದೇ ಹೊತ್ತಿಗೆ ಪಕ್ಕದಲ್ಲಿ ಬಸ್ ಕಂಡಕ್ಟರ್, ಪ್ಯಾಸೆಂಜರ್ ಚಿಲ್ಲರೆ ಕೇಳಿದಾಗ ನಗುವಂಥ ಒಂದು ಪೆಚ್ಚು ನಗೆ ನಗುತ್ತಿದ್ದ.

ಪ್ರತಿ ವರ್ಷ ಹೊಸ ಸೀಸನ್ನಿಗೆ ಮುಂಚೆ ಇವರೆಲ್ಲ ಸೇರುತ್ತಿದ್ದದ್ದು ಇದೇ ಶೆಡ್ಡಿನಲ್ಲಿ. ಶೆಡ್ಡು ಕೂಗುಮಾರಿಯ ಸೋದರಮಾವನದು. ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲ ಕಂಬಿ ಮಾಡಿಕೊಡುವ ಕೆಲಸ. ಸ್ಕೂಲು ಬಿಟ್ಟ ದಿನದಿಂದ ಕೂಗುಮಾರಿಯೂ ಇಲ್ಲೇ. ಈ ವರ್ಷ ಪೀಠ ಹತ್ತುವುದೋ, ಗುಜರಿಗೆ ಎಸೆಯುವುದೋ, ಇವತ್ತೇ ಹೇಳಿಬಿಡಬೇಕಿತ್ತು. ಅದನ್ನು ಕೇಳಲೆಂದೇ ಟೇಲರ್ ಮತ್ತು ಕಂಡಕ್ಟರ್ ಬಂದು ಕಬ್ಬಿಣದ ಪೈಪುಗಳ ರಾಶಿಯ ಮೇಲೆ ಕೂತಿದ್ದರು.

"ಈ ಸಲದ ಕಥೆ ಬೇರೇನೇ ಕಣೋ," ಎಂದ ಕಂಡಕ್ಟರ್. "ಹೊಸ ಕೋಚ್ ಬಂದಿದಾರೆ."

"ಕೋಚ್ ಅಂತೆ," ಎಂದ ಟೇಲರ್. "ಕ್ಲಬ್ ಮಾಲೀಕರ ಭಾಮೈದ. ಮೊನ್ನೆವರೆಗೂ ಟೈಲ್ಸ್ ಅಂಗಡಿ ಇಟ್ಕೊಂಡಿದ್ದ."

"ಅದನ್ನೂ ಮುಳುಗಿಸಿದ," ಎಂದು ಮಾವ ಗ್ರೈಂಡರ್ ಆರಿಸಿ ಹೇಳಿದ. "ಸರಿಯಾದ ಆಸಾಮಿನೇ ಹುಡುಕಿದಾರೆ. ಅನುಭವ ಇದೆ."

"ನಗಬೇಡಿ ನೀವು. ಶಿಸ್ತಿನ ಮನುಷ್ಯ ಅಂತೆ," ಎಂದ ಕಂಡಕ್ಟರ್.

"ಗೋಲ್‌ಕೀಪರ್ ಮೊಣಕಾಲು ಹೇಗಿದೆ?" ಎಂದು ಮಾವ ಕೇಳಿದ.

"ಆಪರೇಷನ್ ಆಯ್ತಲ್ಲ. ಈಗ ಪರವಾಗಿಲ್ಲ. ಬಗ್ಗೋಕೆ ಒಂಚೂರು ಕಷ್ಟ ಅಷ್ಟೇ."

"ಹಾಗಾದ್ರೆ ಬಾಲ್ ಸ್ವಲ್ಪ ಮೇಲಿಂದ್ಲೇ ಹೊಡೀರಿ ಅಂತ ಎದುರು ಟೀಮಿನವರಿಗೆ ಹೇಳಿ ಕಳಿಸೋಣ," ಎಂದ ಟೇಲರ್.

ಮಾವ ಹೊಟ್ಟೆ ಹಿಡಿದು ನಕ್ಕ. ಕೂಗುಮಾರಿ ನಗಲಿಲ್ಲ. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಗಿಡ್ಡನ್ನ ಮಾರಿದ್ರಲ್ಲ, ಅದರ ಬಗ್ಗೆ ಯಾಕೆ ಒಬ್ಬರೂ ಬಾಯಿ ಬಿಡ್ತಿಲ್ಲ?" ಎಂದ.

ಗಿಡ್ಡ ಇವರ ಬೀದಿಯಲ್ಲೇ ಆಡಿ ಬೆಳೆದವನು. ಟೀಮಿನಲ್ಲಿ ಗೋಲ್ ಹೊಡೆಯುವ ಕಾಲು ಎಂದು ಇದ್ದದ್ದು ಅವನದೊಂದೇ. ಹೋದ ತಿಂಗಳು ಅವನನ್ನು ಪಕ್ಕದ ಊರಿನ ಟೀಮಿಗೆ ದಾಟಿಸಿಬಿಟ್ಟಿದ್ದರು. ಹೋಗುವಾಗ ಅವನು ಅತ್ತನಂತೆ.

"ಒಬ್ಬ ಹೋದ್ರೆ ಟೀಮು ಹೋಗುತ್ತಾ?" ಎಂದ ಕಂಡಕ್ಟರ್. "ಎಲ್ಲರೂ ಸೇರಿ ಆಡ್ತಾರೆ ಈಗ. ನಾಲ್ಕನೇ ಜಾಗ ಗ್ಯಾರಂಟಿ. ಯಾರಿಗೊತ್ತು, ಕಪ್ಪೇ ಬಂದ್ರೂ ಬಂತು."

ಸೋಲು ಕೂಗುಮಾರಿಗೆ ಹೊಸದಲ್ಲ. ಸೋತ ಟೀಮಿಗೆ ಗಂಟಲು ಹರಿದುಕೊಂಡವನು, ವಾರಗಟ್ಟಲೆ ಬಿಸಿನೀರು ಮುಕ್ಕಳಿಸಿದವನು. ಅವನಿಗೆ ತಡೆಯಲಾಗದ್ದು ಈ ಆಸೆ. ವರ್ಷ ವರ್ಷ ಇವರ ಬಾಯಿಂದ ಅದು ಜೊಲ್ಲಿನ ಹಾಗೆ ಸುರಿಯುತ್ತಿತ್ತು. ಮಾಲೀಕ ಮುಖಕ್ಕೆ ಉಗಿದರೂ ಒರೆಸಿಕೊಂಡು 'ತಂಪಾಗಿದೆ' ಎನ್ನುವ ಜನ.

ಆಗ ಕ್ಲಬ್ಬಿನ ಮ್ಯಾನೇಜರ್ ಬಂದ. ಗರಿಗರಿ ಇಸ್ತ್ರಿಯ ಅಂಗಿ. ನೆಲದ ಮೇಲಿನ ಕಬ್ಬಿಣದ ಪುಡಿ ಬೂಟಿಗೆ ತಾಗದ ಹಾಗೆ, ಕೆಸರು ದಾಟುವವನಂತೆ ಕಾಲೆತ್ತಿ ಎತ್ತಿ ಇಡುತ್ತ ಒಳಗೆ ಬಂದವನು ಯಾರೂ ಕೇಳದಿದ್ದರೂ ಹೇಳಿದ:

"ಏನಪ್ಪಾ, ಈ ಸಲ ನಿನಗೆ ಮೈಕ್ ಕೊಡ್ತಿದೀವಿ. ಈ ಕಬ್ಬಿಣ ಗಿಬ್ಬಿಣ ಬೇಡ, ಒಳ್ಳೆ ಸ್ಟೇಜು, ಸ್ಪೀಕರು, ಎಲ್ಲ ಇರುತ್ತೆ. ಪೈಪ್ ಕಂಪನಿಯವರು ಹಾಕಿಸಿಕೊಡ್ತಿದಾರೆ. ನೀನು ಮಧ್ಯೆ ಮಧ್ಯೆ ಅವರದೊಂದು ಸಾಲು ಕೂಗಿಸಿದ್ರೆ ಆಯ್ತು."

"ಯಾವ ಸಾಲು?"

"'ಸೋರದ ಪೈಪು, ಸೋಲದ ಟೀಮು.' ಹೇಗಿದೆ?"

ಕೂಗುಮಾರಿ ಅಭ್ಯಾಸಬಲದಿಂದ ಎದುರಿನ ಮುಖಗಳನ್ನು ನೋಡಿದ. ಟೇಲರ್ ತನ್ನ ಚಪ್ಪಲಿ ನೋಡುತ್ತಿದ್ದ. ಕಂಡಕ್ಟರ್ ಪೆಚ್ಚುಪೆಚ್ಚಾಗಿ ನಗುತ್ತಿದ್ದ. ಇನ್ನು ಯಾರೂ ಏನೂ ಹೇಳಬೇಕಿರಲಿಲ್ಲ. ಗೋಲ್ ಬಿದ್ದು ಆಗಿತ್ತು. ಈ ಸುದ್ದಿ ಇವರಿಗೆ ಹೊಸದಲ್ಲ.

"ನಿಮಗೆ ಮೊದಲೇ ಗೊತ್ತಿತ್ತು," ಎಂದ.

"ಬಿಸಿಲು ಕಣೋ," ಎಂದು ಟೇಲರ್ ಗೊಣಗಿದ. "ನನಗೆ ಬಿಸಿಲಲ್ಲಿ ತಲೆ ಸುತ್ತುತ್ತೆ. ಇವರು ಮೇಲೆ ಸೂರಿನ ಕೆಳಗೆ ಕುರ್ಚಿ ಕೊಡ್ತೀನಿ ಅಂದ್ರು. ನಮ್ಮ ಕಡೆಯವರಿಗೆಲ್ಲ."

"ಹಾಗಂತ ನನ್ನ ಗಂಟಲು ಬರೆದುಕೊಟ್ರಾ?"

"ನೀನು ಒಪ್ತೀಯ ಅಂತ ಹೇಳಿದ್ವಿ ಅಷ್ಟೇ," ಎಂದ ಕಂಡಕ್ಟರ್. "ಹೇಗೂ ಕೂಗ್ತೀಯಲ್ಲ! ಜೊತೆಗೆ ಒಂದು ಸಾಲು ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಗಿಡ್ಡನ ಹೆಸರು ಕೂಗಿದ ಬಾಯಲ್ಲಿ ಪೈಪಿನ ಹೆಸರು ಕೂಗಬೇಕಾ? ಥೂ!" ಅವನು ಸುತ್ತಿಗೆ ಎಸೆದ ರಭಸಕ್ಕೆ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದು ಗ್ರೀಸಿನ ಡ್ರಮ್ಮಿಗೆ ಒರಗಿದ. "ನಾನು ಕೂಗಲ್ಲ. ನಿಮ್ಮ ಟೀಮಿಗೂ ಇಲ್ಲ, ಪೈಪಿಗೂ ಇಲ್ಲ. ಹೋಗಿ."

ಮ್ಯಾನೇಜರ್ ಮಾವನ ಕಡೆ ತಿರುಗಿದ. "ಯಜಮಾನ್ರೇ, ಹೊಸ ಗ್ಯಾಲರಿ ಕಂಬಿ ಕೆಲಸ ನಿಮಗೇ ಅಂದ್ಕೊಂಡಿದ್ವಿ. ನಿಮ್ಮ ಅಳಿಯನಿಗೆ ಸ್ವಲ್ಪ ಬುದ್ಧಿ ಹೇಳಿ."

ಮಾವ ಕಿವಿಗೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದು ಅಂಗೈಯಲ್ಲಿ ಹೊರಳಾಡಿಸಿದ. ಆ ಕೆಲಸದ ಮೇಲೆ ಅವನಿಗೂ ಆಸೆಯಿತ್ತು. "ಗಂಟಲು ಅವನದು ಸಾರ್," ಎಂದ ಕೊನೆಗೆ. "ನಾನು ಹೇಳಿದ್ರೆ ಗ್ರಿಲ್ ಮಾಡ್ತಾನೆ. ಇದನ್ನ ಹೇಗೆ ಹೇಳಲಿ? ನಿಮ್ಮ ಬೆನ್ನಿಗೆ ಗ್ರೀಸ್ ಆಗಿದೆ ನೋಡಿ."

ಮ್ಯಾನೇಜರ್ ಅಂಗಿ ಎಳೆದು ನೋಡಿಕೊಳ್ಳುತ್ತಿರುವಾಗ ಕಂಡಕ್ಟರ್ ಎದ್ದು ನಿಂತ. "ಅವನು ಬೇಡ ಅಂದ್ರೆ ನಾನು ಕೂಗ್ತೀನಿ ಸಾರ್. ದಿನಾ ಬಸ್ಸಲ್ಲಿ ಕೂಗಿ ಅಭ್ಯಾಸ ಇದೆ."

ಕೂಗುಮಾರಿ ಅವತ್ತಿನಿಂದ ಇಬ್ಬರ ಜೊತೆಗೂ ಮಾತು ಬಿಟ್ಟ.

ಮೊದಲ ಮ್ಯಾಚಿಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿದವನು ಮಧ್ಯಾಹ್ನವಾಗುತ್ತಲೇ ಅಂಗಿ ತೊಟ್ಟು ಹೊರಟ. ಬಿಸಿಲಿನ ಸಾಲಿನಲ್ಲಿ ಕಂಬಿಯ ಹತ್ತಿರ ಕೂತ. ಹುಟ್ಟಿದ ಮೇಲೆ ಮೊದಲ ಸಲವೋ ಎಂಬಂತೆ ಮುಖ ಮೈದಾನದ ಕಡೆಗಿತ್ತು. ಮುಂದೆ ಬರೀ ಹುಲ್ಲು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

ಆಟ ಶುರುವಾಯಿತು. ಕೂಗುಮಾರಿ ನೋಡಿದ.

ಇಷ್ಟು ವರ್ಷ ಅವನು ಮುಖಗಳಲ್ಲಿ ಎಂಥೆಂಥಾ ಯುದ್ಧ ಕಂಡಿದ್ದ! ಜನ ಹಲ್ಲು ಕಚ್ಚಿದರೆ, ಎದೆ ಹಿಡಿದುಕೊಂಡರೆ, ತನ್ನ ಬೆನ್ನ ಹಿಂದೆ ತನ್ನವರು ಮಣ್ಣಲ್ಲಿ ಉರುಳಿ, ರಕ್ತ ಸುರಿಸಿ ಹೋರಾಡುತ್ತಿದ್ದಾರೆ ಎಂದುಕೊಂಡಿದ್ದ. ಇಲ್ಲಿ ನೋಡಿದರೆ, ಒಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಇನ್ನೊಬ್ಬ ಬಾಲು ತನ್ನ ಕಡೆ ಬಂದಾಗ ಪಕ್ಕದವನನ್ನು ತೋರಿಸಿದ. ಪಕ್ಕದವನು ಇವನನ್ನು ತೋರಿಸಿದ. ಬಾಲು ಇಬ್ಬರ ನಡುವೆ ಹಾದು ಹೊರಗೆ ಹೋಯಿತು. ಎಡಗಡೆಯಲ್ಲಿ ಆಡುವ ಹೊಸಬನಂತೂ ಊಟವಾದ ಮೇಲೆ ಬೀದಿಯಲ್ಲಿ ಅಡ್ಡಾಡುವವನ ಹಾಗೆ ಓಡಾಡುತ್ತಿದ್ದ. ಕೋಚು ಛತ್ರಿಯ ನೆರಳಲ್ಲಿ ಫೋನು ನೋಡುತ್ತಿದ್ದ. ಇದಕ್ಕಾ ನಾನು ಗಂಟಲು ಹರಿದುಕೊಂಡದ್ದು? ಈ ಹೊಲಸಿಗಾ? ಬಾಯಲ್ಲಿ ತುಕ್ಕು ನೆಕ್ಕಿದ ರುಚಿ ಬಂತು.

ಸ್ಟೇಜಿನ ಮೇಲೆ ಕಂಡಕ್ಟರ್ ಮೈಕು ಹಿಡಿದು, ನಿಯಮದಂತೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದ. ಪಾಪ, ಅವನಿಗೆ ಮುಖ ಓದಲು ಬರುತ್ತಿರಲಿಲ್ಲ. ಟಿಕೆಟ್ ಕೊಡುವವನು ಕೈ ನೋಡುತ್ತಾನೆಯೇ ಹೊರತು ಮುಖ ನೋಡುತ್ತಾನೆಯೇ? ಎದುರಾಳಿಗಳು ನುಗ್ಗಿದರು. ಗ್ಯಾಲರಿ ಹೋ ಎಂದು ಎದ್ದು ನಿಂತಿತು. ತನ್ನವರೇ ನುಗ್ಗಿದರು ಎಂದುಕೊಂಡು ಕಂಡಕ್ಟರ್ ಎರಡೂ ಕೈ ಎತ್ತಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಸೋರದ ಪೈಪು..!"

ಬಾಲು ಗೋಲ್‌ಕೀಪರನ ಬಗ್ಗದ ಕಾಲುಗಳ ನಡುವೆ ಹಾದು ಒಳಗೆ ಬಿತ್ತು.

"ಸೋಲದ ಟೀಮು!" ಎಂದು ಮುಗಿಸಿದ ಕಂಡಕ್ಟರ್. ಒಬ್ಬರೂ ದನಿಗೂಡಿಸಲಿಲ್ಲ. ಅವನು ತಿರುಗಿ ನೋಡಿದ. "ಅಯ್ಯೋ, ನಮಗೇ ಬಿತ್ತಾ?" ಎಂದದ್ದನ್ನೂ ಸ್ಪೀಕರು ಬಿಡದೆ ಒದರಿತು.

ಜನ ನಕ್ಕರು. ಬಿದ್ದು ಬಿದ್ದು ನಕ್ಕರು. ಗೋಲ್ ತಿಂದವರು ನಗುವ ನಗೆಯಲ್ಲ ಅದು, ಮರ್ಯಾದೆ ಬಿಟ್ಟವರ ನಗೆ. ಕೂಗುಮಾರಿಗೆ ಅವರ ಮೇಲೂ ಹೇಸಿಗೆ ಹುಟ್ಟಿತು. ಹಿಂದಿನ ಸಾಲಿನವನೊಬ್ಬ ಅವನ ಭುಜ ಅಲುಗಿಸಿದ. "ಏನೋ ಕೂಗುಮಾರಿ, ಸುಮ್ನೆ ಕೂತಿದೀಯಾ? ನೀನು ಶುರು ಮಾಡೋ!"

"ಏನಂತ ಶುರು ಮಾಡಲಿ? ಜೈ ಅನ್ಲಾ?"

ಆ ಹೊತ್ತಿಗೆ ಬಾಲು ಉರುಳುತ್ತ ಕಂಬಿಯ ಕಡೆಗೇ ಬಂತು. ಎಡಗಡೆಯ ಹೊಸಬ ಅದರ ಹಿಂದೆ ನಡೆದು ಬರುತ್ತಿದ್ದ. ನಡೆದು! ಕೂಗುಮಾರಿ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

"ಏಯ್! ನಿಮ್ಮತ್ತೆ ಮನೆಗೆ ಬಂದಿದೀಯೇನೋ? ಓಡೋ!"

ಮೈಕಿಲ್ಲ, ಸ್ಪೀಕರಿಲ್ಲ. ಆದರೂ ಗ್ಯಾಲರಿ ಗಪ್ಪಾಯಿತು. ಹೊಸಬ ಬೆಚ್ಚಿ ತಲೆಯೆತ್ತಿದ. ಇಷ್ಟು ವರ್ಷದ ಕೂಗಿನಲ್ಲಿ ಮೈದಾನದೊಳಗಿನವನೊಬ್ಬ ಕೂಗುಮಾರಿಯ ಮುಖ ನೋಡಿದ್ದು ಅದೇ ಮೊದಲು.

"ಏನ್ ನೋಡ್ತೀಯಾ? ಓಡು!"

"ಓಡೋ!" ಎಂದಿತು ಹಿಂದಿನ ಸಾಲು. "ಓಡೋ!" ಎಂದಿತು ಇಡೀ ಬಿಸಿಲ ಗ್ಯಾಲರಿ.

ಹೊಸಬ ಓಡಿದ. ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ಓಡಿ ಬಾಲು ಹಿಡಿದ. ಹಿಡಿದು ನೇರವಾಗಿ ಎದುರಾಳಿಯ ಕಾಲಿಗೆ ಕೊಟ್ಟ. ಆದರೆ ಓಡಿದ.

ಕೊನೆಗೆ ಟೀಮು ಸೋತಿತು. ಜನ ಮೆಟ್ಟಿಲಿಳಿಯುವಾಗ ಟೇಲರ್ ಸೂರಿನ ಕೆಳಗಿನಿಂದ ಇಳಿದು ಬಂದು ಒಂದು ಮಾರು ದೂರದಲ್ಲಿ ನಿಂತ. ತಲೆ ಕೆರೆದುಕೊಂಡ.

"ಮೇಲೆ ಬಿಸಿಲೇನೋ ಇಲ್ಲ," ಎಂದ. "ಆದ್ರೆ ಪಿಲ್ಲರ್ ಅಡ್ಡ ಬರುತ್ತೆ. ಅರ್ಧ ಮೈದಾನ ಕಾಣಲ್ಲ."

"ಅರ್ಧ ಕಾಣಲಿಲ್ವಾ? ಪುಣ್ಯ ಮಾಡಿದೀರಿ ಟೇಲರಣ್ಣ."

ಟೇಲರ್ ನಗಬೇಕೋ ಬೇಡವೋ ಎಂದು ಅವನ ಮುಖ ನೋಡಿದ. "ಕಂಡಕ್ಟರ್‌ಗೆ ಸಾಕಾಗಿದೆಯಂತೆ. ಮುಂದಿನ ವಾರ ನೀನೇ ನಿಲ್ತೀಯಾ? ಪೈಪಿನ ಮಾತು ಬೇಡ ಅಂತ ನಾನೇ ಅವರಿಗೆ ಹೇಳ್ತೀನಿ."

"ಬರ್ತೀನಿ. ಆದ್ರೆ ಬೆನ್ನು ಹಾಕಿ ನಿಲ್ಲಲ್ಲ. ಇಲ್ಲೇ ಕೂರ್ತೀನಿ."

"ಮತ್ತೆ ಕೂಗೋದು?"

"ಕೂಗ್ತೀನಿ. ನೋಡದೆ ಜೈ ಅನ್ನಬಹುದು ಅಣ್ಣ, ಅನ್ನಲಿಲ್ವಾ ಇಷ್ಟು ವರ್ಷ? ನೋಡದೆ ಬೈಯೋಕಾಗಲ್ಲ."

ಅವನು ಕಂಬಿಯಾಚೆ ಹುಲ್ಲಿನ ಮೇಲೆ ಒಮ್ಮೆ ಉಗಿದು ಮೆಟ್ಟಿಲಿಳಿದ. ಟೇಲರ್ ತನ್ನ ಕುರ್ಚಿಯ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಅವನ ಹಿಂದೆಯೇ ಹೆಜ್ಜೆ ಹಾಕಿದ.