ತೊಳೆದ ತತ್ತಿಗಳು

“ಹಸಿವಾಗ್ಯಾದೇನವ್ವಾ ನಿಮಗ?”

ಪಶು ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಶೈಲಶ್ರೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೇ ಕೇಳಿದ್ದಳು. ಗಾಜಿನ ಬಟ್ಟಲಲ್ಲಿ ಆರು ಎಮ್ಮೆತತ್ತಿಗಳು ಬೋಳಾಗಿ ಬಿದ್ದಿದ್ದವು. ಕೋಳಿತತ್ತಿಯಂಥವಲ್ಲ, ಮಾಗಿ ಮುಂದೆ ಕರುವಾಗಬೇಕಾದ, ಧೂಳಿನ ಕಣದಷ್ಟು ಸಣ್ಣ ಅಂಡಾಣುಗಳು.

ನರೋಣಾದ ಸಾಬಮ್ಮನ ಪಂಢರಪುರಿ ಎಮ್ಮೆಗೆ ವಯಸ್ಸಾಗಿತ್ತು. ಅದು ಇನ್ನು ಗಬ್ಬವಾಗುವಂತಿರಲಿಲ್ಲ. ಅದರ ತಳಿ ಉಳಿಯುವುದಾದರೆ ಈ ತತ್ತಿಗಳಿಂದ, ಬೇರೊಂದು ಎಮ್ಮೆಯ ಬಸಿರಿನಲ್ಲಿ. ನಿನ್ನೆ ಎಮ್ಮೆಯ ಅಂಡಾಶಯಕ್ಕೆ ಸೂಜಿ ಹಾಕಿ ತೆಗೆದಾಗ ಒಂದೊಂದರ ಸುತ್ತಲೂ ಹಿಂಜಿದ ಅರಳೆಯಂಥ ಹೊದಿಕೆಯಿತ್ತು. ಪೂಜೆಯ ಪತ್ರಿಯನ್ನೂ ಮೂರು ನೀರಲ್ಲಿ ತೊಳೆಯುವ ಮನೆಯಲ್ಲಿ ಬೆಳೆದ ಶೈಲಶ್ರೀ ಅದನ್ನು ಕಸವೆಂದೇ ಬಗೆದು, ಸಣ್ಣ ಕೊಳವೆಯಲ್ಲಿ ಹೀರಿ ಬಿಟ್ಟು, ಹೀರಿ ಬಿಟ್ಟು ತೊಳೆದಿದ್ದಳು.

ಬೆಳಿಗ್ಗೆ ಪ್ರಯೋಗಾಲಯದ ಹಿರಿಯ ತಜ್ಞ ಚಾಂದಪಾಶಾ ನೋಡಿ ತಲೆಗೆ ಕೈ ಹಚ್ಚಿದ್ದರು.

“ಅರೇ, ಭಾಂಡಿ ತಿಕ್ಕಿದಂಗ ತಿಕ್ಕೀಯಲ್ಲ ಬೇ! ತತ್ತಿಗೆ ತಾನಾಗಿ ಸಕ್ಕರಿ ಮುರಕೊಂಡು ತಿನ್ನಾಕ ಬರಂಗಿಲ್ಲ. ಸುತ್ತಿನ ಕೋಶಗಳೇ ಮುರದು, ತುತ್ತು ಮಾಡಿ ಒಳಗ ದಾಟಸ್ತಾವ. ಆ ತುತ್ತು ಬಂದ್ರನ ಒಳಗಿನ ಒಲಿ ಉರದು ಅದು ಮಾಗೋದು.”

“ಈಗೇನ್ ಮಾಡೋದ್ರಿ?”

“ತಯಾರ್ ತುತ್ತು ಬಟ್ಟಲ ನೀರಿಗೆ ಹಾಕೇನಿ. ಸಂಜಿತನಕ ನೋಡೋಣು.”

ಆಗಿನಿಂದ ಅವಳು ಬಟ್ಟಲು ಬಿಟ್ಟು ಏಳಲಿಲ್ಲ. ಡಬ್ಬಿಯ ರೊಟ್ಟಿ ಮುಟ್ಟಲಿಲ್ಲ. ಅಜ್ಜಿ ಹೇಳಿಕೊಟ್ಟ ವಚನವೊಂದನ್ನು ಹೇಳಿಕೊಳ್ಳಲು ಹೋದರೆ ಮೊದಲ ಸಾಲಿಗೇ ಮರೆತುಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಆರೂ ಮುದುಡಿ ಕಪ್ಪಾದವು.

ಹೊರಗೆ ಬೆಂಚಿನ ಮೇಲೆ ಸಾಬಮ್ಮ ಕಾಯುತ್ತಿದ್ದಳು. ಮುದಿ ಎಮ್ಮೆಯ ತತ್ತಿ, ಕಸುವಿರಲಿಲ್ಲ ಎಂದುಬಿಟ್ಟರೆ ಯಾರು ಕೇಳುತ್ತಾರೆ? ಹಾಗೆಂದುಕೊಳ್ಳುತ್ತಲೇ ಶೈಲಶ್ರೀ ಬಾಗಿಲ ಬಳಿ ಬಂದು ನಿಂತಳು.

“ಏನಾತ ಬೇ, ದೆವ್ವ ಕಂಡಂಗ ನಿಂತೀದಿ? ಹುಟ್ಟೋ ಕರಕ್ಕ ಕಟ್ಟಾಕ ಗಂಟಿ ಸೈತ ತಂದಿಟ್ಟೇನಿ ನಾ,” ಸಾಬಮ್ಮ ನಕ್ಕಳು.

“ಆಯೀ, ಎಲ್ಲಾ ಸತ್ತುವ್ರಿ. ನಿಮ್ಮ ಎಮ್ಮಿದು ತಪ್ಪಿಲ್ಲ. ಅವಕ್ಕ ಉಣಿಸೋ ಹೊದಿಕಿ ನಾನೇ ತೊಳದು ತಗದೇನಿ.”

ಸಾಬಮ್ಮನ ನಗು ನಿಂತಿತು. ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಉದ್ದನೆಯ ಕೊಂಬು ತಿರುಗಿಸಿ ನೋಡಿತು.

“ಇನ್ನೊಂದ್ ಸಲ ತಗಿಯೋಣ್ರಿ ಆಯಿ. ಈ ಸಲ ಚಾಂದಪಾಶಾ ಸರ್ ಕೈಲೇ ಮಾಡಸ್ತೇನಿ. ಕಾಲಿಗೆ ಬೀಳ್ತೇನ್ರಿ.”

ಸಾಬಮ್ಮ ಎದ್ದು ಹೋಗಿ ಎಮ್ಮೆಯ ಹಗ್ಗ ಬಿಚ್ಚಿದಳು.

“ಇಲ್ಲ. ನನ್ನ ಎಮ್ಮಿಗೆ ಮತ್ತ ಸೂಜಿ ಹಾಕಗೊಡಂಗಿಲ್ಲ.”