ಎಲ್ಲಾ ಆರಿಹೋದ ಊರು

ಸೀರೆಯ ನೆರಿಗೆಯಲ್ಲಿ ಇನ್ನೂ ಮರಳು, ಕೊಡವಿದಷ್ಟೂ ಉದುರುತ್ತಲೇ ಇದೆ, ಕಿಟಕಿಯಿಂದ ಉಪ್ಪುಗಾಳಿ, ಸರ್ವೆಮರಗಳು ಹಿಂದಕ್ಕೆ ಓಡುತ್ತಿವೆ, ರಾಮಣ್ಣ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಾನೆ, ಬಾಯಿ ಸ್ವಲ್ಪ ತೆರೆದಿದೆ, ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳುತ್ತಿದ್ದ ಬಾಯಿ, ನನಗಿಂತ ಮೊದಲು ಹುಟ್ಟಿದ ಅಣ್ಣ, ಈಗ ಮಗುವಿನ ಹಾಗೆ — ಮಗು ಅನ್ನಬಾರದು, ಮಗು ಅಂದರೆ ತೊಟ್ಟಿಲು ನೆನಪಾಗುತ್ತದೆ, ದೊಡ್ಡಣ್ಣನ ಕೂಸು ಮಲಗಿದ್ದ ತೊಟ್ಟಿಲು, ಮಾರ್ಗಶಿರದ ಚಳಿ, ರಾಮಣ್ಣ ಕೊಡ ಎತ್ತಿ ಅದರ ಮೇಲೆ ನೀರು ಸುರಿದದ್ದು, ನೆಲ ಕಾಯ್ತಾ ಇದೆ ಅತ್ತಿಗೆ, ಕೆಳಗಿನಿಂದ ಬೆಂಕಿ ಬರ್ತಾ ಇದೆ, ಮಗು ಸುಟ್ಟುಹೋಗುತ್ತೆ, ಅಂತ ಅಳುತ್ತಾ ಅಳುತ್ತಾ ಸುರಿದದ್ದು, ಅತ್ತಿಗೆಯ ಚೀರಾಟ, ಆಮೇಲೆ ಕೂಸಿಗೆ ಎದೆಯಲ್ಲಿ ಕಫ, ಜ್ವರ, ಉಳಿಯಿತು, ಹೇಗೋ ಉಳಿಯಿತು, ಆದರೆ ಅವತ್ತಿನಿಂದ ಅನಸೂಯತ್ತಿಗೆ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡೇ ಮಲಗುವುದು, ಈ ಮನೇಲಿ ಒಂದೋ ಅವರು, ಇಲ್ಲ ನಾನೂ ನನ್ನ ಮಗೂನೂ, ಅಂದಳು. ಯಾರನ್ನು ತಪ್ಪು ಅನ್ನಲಿ. ಹೋದ ವರ್ಷ ಹಿಂದಿ ವಿರೋಧಿ ಗಲಾಟೆಯಲ್ಲಿ ಮದರಾಸಿನ ಕಾಲೇಜುಗಳು ಮುಚ್ಚಿದಾಗ ಮನೆಯಲ್ಲೇ ಕೂತಿದ್ದನಲ್ಲ, ಆಗಲೇ ಶುರು, ಹಗಲೆಲ್ಲ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದ, ಓದಿ ಓದಿ ಸುಸ್ತಾಗಿದ್ದಾನೆ ಅಂದುಕೊಂಡೆವು, ಕಾಲೇಜು ತೆರೆಯಿತು, ಇವನು ಹೋಗಲಿಲ್ಲ, ನಮ್ಮ ತಿರುವಲ್ಲಿಕೇಣಿಯ ಕೆಳಗೆ ಜ್ವಾಲಾಮುಖಿ ಇದೆ ಕಣೇ ತುಂಗಾ, ಯಾರಿಗೂ ಹೇಳಬೇಡ, ಜನ ಗಾಬರಿಯಾಗ್ತಾರೆ, ಅಂತಿದ್ದ.

ದೊಡ್ಡಣ್ಣ ಮೆಟ್ಟಿಲ ಮೇಲೆ ಕೂತು ಪಿಸುಗುಟ್ಟಿದ ಮಾತು ಈಗಲೂ ಕಿವಿಯೊಳಗಿದೆ — ವಿಶ್ವನಾಥ ಅಂದರೆ ಇಡೀ ಬೀದಿಗೆ ಗಟ್ಟಿ ಮನುಷ್ಯ, ಅಂಥವನು ಪಿಸುಗುಟ್ಟಿದ್ದು — ಆಸ್ಪತ್ರೆಯವರಿಗೆ ಹೇಳಿಯಾಗಿದೆ, ಭಾನುವಾರ ಸಾಯಂಕಾಲ ಬ್ರಾಡ್‌ವೇ ಬಸ್ ಸ್ಟ್ಯಾಂಡಿಗೆ ಟ್ಯಾಕ್ಸಿ ತರ್ತೀನಿ, ಮನೆಯಿಂದ ಎಳಕೊಂಡು ಹೋಗೋದು ಬೇಡ, ಬೀದಿಯವರೆಲ್ಲ ನೋಡ್ತಾರೆ, ಎರಡು ದಿನ ಎಲ್ಲಾದರೂ ಸುತ್ತಿಸಿಕೊಂಡು ಬಾ, ನೀನು ಕರೆದರೆ ಬರ್ತಾನೆ, ನಿನ್ನ ಮಾತು ಅವನು ಯಾವತ್ತಾದರೂ ತೆಗೆದುಹಾಕಿದಾನಾ. ಮತ್ತೆ ಎಷ್ಟು ದಿನ ಅಲ್ಲಿ, ಅಂದೆ. ಬೀದಿಯ ಕಡೆ ನೋಡಿದ. ಡಾಕ್ಟರು ಏನೂ ಹೇಳೋಕಾಗಲ್ಲ ಅಂದ್ರು. ಅವನ ಆಫೀಸಿನ ಬದರಿನಾಥರ ಚಿಕ್ಕಪ್ಪ ಅಲ್ಲಿಗೆ ಹೋದವರು ಬರಲೇ ಇಲ್ಲ, ಅದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗೆ ಮಹಾಬಲಿಪುರ. ಎಲ್ಲಿಗೆ ಹೋಗೋಣ ಅಂದಾಗ ರಾಮಣ್ಣನೇ ಹೇಳಿದ್ದು, ಮುಖ ಅರಳಿತು, ಶನಿವಾರ ಬೆಳಿಗ್ಗೆ ತಾನೇ ಕ್ಷೌರ ಮಾಡಿಕೊಂಡ, ಇಸ್ತ್ರಿ ಮಾಡಿದ ಅಂಗಿ, ಬಸ್ಸಿನಲ್ಲಿ ಒಬ್ಬ ಮುದುಕಿಗೆ ಎದ್ದು ಸೀಟು ಬಿಟ್ಟುಕೊಟ್ಟ, ಛತ್ರದಲ್ಲಿ ಚಾಪೆ ಹಾಸಿದ ಕೂಡಲೇ ನಿದ್ದೆ, ನಾನು ಮಾತ್ರ ಬಾಗಿಲಿಗೆ ಅಡ್ಡ ಮಲಗಿ ಕಾದೆ, ಏಳಲೇ ಇಲ್ಲ, ಹುಚ್ಚಾದರೂ ಒಂದು ಸಲ ಕೆರಳಬಾರದಿತ್ತಾ, ಕೆರಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಬೆಳಿಗ್ಗೆ ಕಲ್ಲಿನ ರಥಗಳ ಮುಂದೆ ನಿಂತು, ನೋಡೇ, ಇದೆಲ್ಲ ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯೊಳಗೆ ಕುದೀತಿದ್ದ ಬೆಂಕಿ, ತಣ್ಣಗಾಗೋಕೆ ಯುಗಯುಗ ಹಿಡೀತು, ತಣ್ಣಗಾದ ಮೇಲೇನೇ ಮನುಷ್ಯ ಉಳಿ ಇಟ್ಟದ್ದು, ಆನೆ ಮಾಡಿದ, ದೇವರು ಮಾಡಿದ — ಎಷ್ಟು ಚೆನ್ನಾಗಿ ಹೇಳಿದ, ಪಕ್ಕದಲ್ಲಿದ್ದ ಯಾತ್ರೆಯವರೂ ನಿಂತು ಕೇಳಿದರು, ಕವಡೆಸರ ಮಾರುವವಳು ನನಗೆ, ಉಂಗ ಅಣ್ಣಾ ವಾದ್ಯಾರಾಮ್ಮಾ, ಅಂದಳು, ಹೌದು, ಮೇಷ್ಟ್ರೇ, ಅಂದೆ, ಹೆಮ್ಮೆಯಾಯಿತು. ದಡದ ಗುಡಿಯ ಹತ್ತಿರ ಅಲೆ ಬಂದು ಬಂದು ಒಡೆಯುತ್ತಿತ್ತು, ಉಪ್ಪು ತಿಂದ ನಂದಿಗಳಿಗೆ ಮುಖವೇ ಉಳಿದಿಲ್ಲ, ಅವನು ಬಂಡೆಯ ಮೇಲೆ ಕೂತು ಕಡಲೆ ಸುಂಡಲ್ ತಿನ್ನುತ್ತಾ, ಇಲ್ಲಿ ನನಗೆ ಭಯ ಆಗ್ತಿಲ್ಲ ಕಣೇ, ಇಲ್ಲಿ ಎಲ್ಲಾ ಆರಿಹೋಗಿದೆ, ಇಲ್ಲೇ ಇದ್ದುಬಿಡೋಣವಾ, ನೀನು ಅಡಿಗೆ ಮಾಡು, ನಾನು ಬಂದವರಿಗೆ ಕಲ್ಲು ತೋರಿಸ್ತೀನಿ. ನಾನೇನಂದೆ. ನಾಳೆ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಡ್ಯೂಟಿ ಇದೆ ರಾಮಣ್ಣ, ಅಂದೆ. ಹೌದಲ್ಲ, ಅಂದ. ಎದ್ದು ಪಂಚೆ ಕೊಡವಿಕೊಂಡ.

ಶೋಳಿಂಗನಲ್ಲೂರು, ಬಸ್ಸು ನಿಂತಿದೆ, ಎಳನೀರಿನ ರಾಶಿ, ಇಳಿದುಬಿಡಬಹುದು, ಈಗಲೇ, ಎಬ್ಬಿಸಿ ಇಳಿಸಿ ವಾಪಸು ಬಸ್ಸು ಹತ್ತಬಹುದು, ಹತ್ತಿ ಎಲ್ಲಿಗೆ, ಯಾವ ಮನೆಗೆ, ನಾನು ಕೆಲಸಕ್ಕೆ ಹೋದರೆ ಇವನ ಹತ್ತಿರ ಯಾರು, ಚಿಲಕ ಹಾಕಿ ಮಲಗುವ ಅತ್ತಿಗೆ, ಕೂಸಿನ ಕೆಮ್ಮು — ವಿಸಿಲ್ ಆಯಿತು, ಬಸ್ಸು ಹೊರಟಿತು, ಕೂತೇ ಇದ್ದೇನೆ, ಅಡಯಾರು ಸೇತುವೆ, ಲೈಟುಗಳು, ಅವನು ಎದ್ದು ಕಣ್ಣುಜ್ಜಿಕೊಂಡು, ಮನೆ ಬಂತಾ, ಹೂಂ, ಬಂತು, ಅಂದೆ, ಬ್ರಾಡ್‌ವೇ ಎಲ್ಲಾರುಂ ಎರಂಗುಂಗೋ, ಕಂಡಕ್ಟರನ ಕೂಗು, ಇಳಿದೆವು, ಕೆಳಗೆ ದೊಡ್ಡಣ್ಣ, ಖಾಕಿ ಅಂಗಿಯ ಇಬ್ಬರು, ಟ್ಯಾಕ್ಸಿ. ದೊಡ್ಡಣ್ಣನೂ ಬಂದಿದಾನೆ, ಟ್ಯಾಕ್ಸಿ ಬೇರೆ, ಏನು ಜೋರು, ಅಂತ ನಕ್ಕ. ಓಡಲಿಲ್ಲ, ಕೂಗಲಿಲ್ಲ, ಯಾರೂ ಅವನ ಮೈ ಮುಟ್ಟಬೇಕಾಗಲೇ ಇಲ್ಲ. ಖಾಕಿಯವನೊಬ್ಬ ಮೊದಲು ಹತ್ತಿದ, ಇವನು ಹಿಂದೆಯೇ ಹತ್ತಿದ, ದೊಡ್ಡಣ್ಣ ಮುಂದಿನ ಸೀಟಿನಲ್ಲಿ, ಹಿಂತಿರುಗದೆ ಕೂತಿದ್ದಾನೆ, ಆಗ ರಾಮಣ್ಣ ಒತ್ತರಿಸಿಕೊಂಡು ಒಳಗೆ ಸರಿದು, ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿ, ಬಾರೇ ತುಂಗಾ, ಜಾಗ ಇದೆ, ಅಂದ, ನಾನು ಬಾಗಿಲ ಹತ್ತಿರ ನಿಂತೇ ಇದ್ದೆ, ಇನ್ನೊಮ್ಮೆ ತಟ್ಟಿದ, ಇನ್ನೊಬ್ಬ ಖಾಕಿಯವನು ನನ್ನನ್ನು ಬಳಸಿಕೊಂಡು ಹೋಗಿ ಅಲ್ಲಿ ಕೂತ, ಬಾಗಿಲು ಹಾಕಿದ, ಗಾಡಿ ಹೊರಟಿತು, ಯಾರೋ ನನಗೆ ಡಿಕ್ಕಿ ಹೊಡೆದು ಬೈದು ಹೋದರು, ತಿರುವಲ್ಲಿಕೇಣಿ ಬಸ್ಸು ಬಂತು, ಹೋಯಿತು, ಇನ್ನೊಂದು ಬರುತ್ತದೆ, ಹತ್ತಬೇಕು, ಅತ್ತಿಗೆ ಕಾಯುತ್ತಿರುತ್ತಾಳೆ, ಏನು ಹೇಳಲಿ, ಸೀಟನ್ನು ತಟ್ಟುವ ಅಂಗೈ, ಮೆಲ್ಲಗೆ, ಎರಡು ಸಲ, ಜಾಗ ಇದೆ ಬಾರೇ, ಬಸ್ಸು ಬಂತು, ಜಾಗ ಇದೆ, ಅಂಗೈ, ಸೀಟನ್ನು ತಟ್ಟುವ ಆ ಅಂಗೈ —